ಅರವತ್ತು ಯಂತ್ರಗಳಲ್ಲಿ ಮೊದಲು ಏಳುವವರು ಯಾರು?

ದಸರೆಗೆಂದು ಗದಗಿಗೆ ಹೋಗಿದ್ದವಳು ವಿಜಯದಶಮಿಯ ಮಾರನೆಯ ಬೆಳಿಗ್ಗೆ ಯಶವಂತಪುರದಲ್ಲಿ ರೈಲಿನಿಂದ ಇಳಿಯುತ್ತಿದ್ದೆ. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಡಬ್ಬಿ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ನಮ್ಮ ಲ್ಯಾಬಿನ ಅಟೆಂಡರ್ ಅಮ್ಮ.

“ಮೇಡಮ್ಮೋರೆ, ಎಲ್ಲಿದ್ದೀರಾ? ಬಿರ್‍ನೆ ಬನ್ನಿ. ಒಂದು ಕಂಪ್ಯೂಟ್ರೂ ಏಳ್ತಾ ಇಲ್ಲ. ನಾನು ಆಯುಧಪೂಜೆ ಮಾಡಿದ್ದಕ್ಕೇ ಇಂಗಾಯ್ತು ಅಂತಾವ್ರೆ ಸಾರು. ನನ್ನ ಕೆಲಸದಿಂದ ತೆಗ್ದಾಕ್ತಾರಂತೆ ಕಣವ್ವಾ.”

ಮೇಡಮ್ಮೋರೆ ಎಂದು ಶುರುವಾಗಿ ಅವ್ವಾ ಎಂದು ಮುಗಿದರೆ ಆಕೆ ಅಳುತ್ತಿದ್ದಾರೆ ಎಂದೇ ಅರ್ಥ. ನಾನು ಅಟ್ಟೂರಿನ ಮನೆಗೆ ಹೋಗಿ ಸ್ನಾನ ಮಾಡುವ ಆಸೆ ಬಿಟ್ಟು, ಚೀಲ ಡಬ್ಬಿ ಸಮೇತ ಹೆಸರಘಟ್ಟದ ಬಸ್ಸು ಹತ್ತಿದೆ. ಎಂಟನೇ ಮೈಲಿಯ ಟ್ರಾಫಿಕ್ಕಿನಲ್ಲಿ ಬಸ್ಸು ಅರ್ಧ ಗಂಟೆ ನಿಂತೇಬಿಟ್ಟಿತು. ನಾನು ಕಿಟಕಿಯ ಸರಳು ಹಿಡಿದು, ಹಬ್ಬದ ಮಾರನೆಯ ದಿನವೂ ಈ ಊರಿಗೆ ಇಷ್ಟೊಂದು ಅವಸರ ಏಕೆ ಎಂದು ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ.

ಅದರ ಮರುದಿನವೇ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಒಂಬತ್ತು ಗಂಟೆಗೆ ಬಂದು ಕೂರುತ್ತಾರೆ. ಲ್ಯಾಬಿನಲ್ಲಿ ಇರುವುದು ಅರವತ್ತು ಯಂತ್ರ: ವಿದ್ಯಾರ್ಥಿಗಳಿಗೆ ಐವತ್ತೊಂಬತ್ತು, ನನ್ನ ಮೇಜಿನ ಕೆಳಗೆ ಒಂದು. ಅವೆಲ್ಲ ನಡೆಯುವುದು ನಾನು ಬರೆದ ಪ್ರೋಗ್ರಾಮಿನ ಮೇಲೆ. ಸೋಲದೇವನಹಳ್ಳಿ ಹತ್ತಿರದ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಓದಿದ್ದು ಡಿಪ್ಲೊಮಾ. ಸುತ್ತಮುತ್ತ ಇರುವವರೆಲ್ಲ ಎಂ.ಟೆಕ್ಕು, ಪಿಎಚ್‌ಡಿ. ಆದರೂ ಆ ಪ್ರೋಗ್ರಾಮು ಬರೆದವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೂರು ವರ್ಷದ ಹಿಂದೆ ನಮ್ಮ ಲ್ಯಾಬಿನ ದೊಡ್ಡ ಸರ್ವರ್ ಕೆಟ್ಟು ಕೂತಿತ್ತು. ಹೊಸದು ಕೊಡಿಸಿ ಎಂದು ಬರೆದ ಅರ್ಜಿ ಯಾವ ಮೇಜಿನಲ್ಲಿ ಮಲಗಿತೋ ಗೊತ್ತಿಲ್ಲ. ಆಗ ನಾನು ಯೋಚಿಸಿದೆ: ಸರ್ವರೇ ಇಲ್ಲದಿದ್ದರೆ ಏನಂತೆ, ಯಂತ್ರಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳಲಿ. ಪ್ರತಿ ಯಂತ್ರ ಎದ್ದ ಕೂಡಲೇ ಲ್ಯಾಬಿನ ಜಾಲದಲ್ಲಿ “ಯಾರಿದ್ದೀರಿ?” ಎಂದು ಕೂಗು ಹಾಕುತ್ತದೆ. ಎದ್ದಿರುವ ಯಂತ್ರಗಳು “ನಾನಿದ್ದೇನೆ, ನನ್ನ ಬಳಿ ಫೈಲುಗಳ ಇಂಥ ಪಟ್ಟಿ ಇದೆ” ಎನ್ನುತ್ತವೆ. ಹೊಸದಾಗಿ ಎದ್ದದ್ದು ಅವುಗಳಲ್ಲಿ ಎಲ್ಲಕ್ಕಿಂತ ತಾಜಾ ಪಟ್ಟಿ ಇರುವವರನ್ನು ಆರಿಸಿಕೊಂಡು, ತನ್ನಲ್ಲಿ ಇಲ್ಲದ ಫೈಲುಗಳನ್ನು ಅವರಿಂದ ತುಂಬಿಸಿಕೊಂಡು, ಆಮೇಲೆ ಲಾಗಿನ್ ಪರದೆ ತೆರೆಯುತ್ತದೆ. ಪಟ್ಟಿ ಸಿಗದೆ ಲಾಗಿನ್ ತೆರೆಯಬಾರದೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಹಳೆಯ ಫೈಲಿನ ಮೇಲೆ ಮಕ್ಕಳು ಪರೀಕ್ಷೆ ಬರೆಯುವುದು ಬೇಡ ಎಂಬುದು ನನ್ನ ಲೆಕ್ಕ. ಹೀಗೆ ಮೂರು ವರ್ಷ ಲ್ಯಾಬು ಒಂದು ದಿನವೂ ನಿಂತಿರಲಿಲ್ಲ.

ನಾನು ಒಳಗೆ ಹೋದಾಗ ಹತ್ತೂವರೆ. ಸಾಲುಸಾಲು ಯಂತ್ರಗಳು. ಒಂದೊಂದರ ಹಣೆಗೂ ಅರಿಶಿನ ಕುಂಕುಮ, ಮೇಲೆ ಬಾಡಿದ ಸೇವಂತಿಗೆ. ಪರದೆಗಳ ಮೇಲೆ ಒಂದು ಕಪ್ಪು ಚೌಕ ಫಕ್ಕನೆ ಬಂದು ಮಾಯವಾಗುತ್ತಿತ್ತು, ಹತ್ತು ಸೆಕೆಂಡಿಗೆ ಮತ್ತೆ ಬರುತ್ತಿತ್ತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಟೆಂಡರ್ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಆಕೆ ಸೋಲದೇವನಹಳ್ಳಿಯವರೇ, ಹದಿನಾರು ವರ್ಷದಿಂದ ಅದೇ ಲ್ಯಾಬಿನ ಬೀಗ ತೆಗೆದು ಹಾಕುವವರು, ಆದರೆ ಈಗಲೂ ಏಜೆನ್ಸಿ ಮೂಲಕ ಬಂದ ಗುತ್ತಿಗೆ ಕೆಲಸದವರು. ಏಜೆನ್ಸಿಗೆ ಒಂದು ಕಾಗದ ಹೋದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ, ಅಷ್ಟೇ.

ಆ ಕಾಗದ ಆಗಲೇ ಟೈಪಾಗಿ ನಮ್ಮ ವಿಭಾಗದ ಮುಖ್ಯಸ್ಥರ ಕೈಯಲ್ಲಿತ್ತು.

“ನೋಡಿ ಮೇಡಂ, ಸ್ವಿಚ್ ಮೇಲೆ ತೀರ್ಥ ಗೀರ್ಥ ಪ್ರೋಕ್ಷಣೆ ಮಾಡಿದ್ದಾಳೆ,” ಎಂದರು ಮುಖ್ಯಸ್ಥರು. ಸ್ವಿಚ್ ಎಂದರೆ ಎಲ್ಲ ಯಂತ್ರಗಳ ತಂತಿ ಬಂದು ಸೇರುವ ಪೆಟ್ಟಿಗೆ. “ಇಡೀ ನೆಟ್‌ವರ್ಕ್ ಹೋಗಿದೆ. ನಾಳೆ ಎಕ್ಸಾಮ್ ಇಟ್ಕೊಂಡು ನಾನ್ ಏನ್ ಮಾಡ್ಲಿ?”

ಪೂಜೆಯ ದಿನ ಇದೇ ಮುಖ್ಯಸ್ಥರು ಇದೇ ಲ್ಯಾಬಿನಲ್ಲಿ ಮಂಗಳಾರತಿ ತೆಗೆದುಕೊಂಡು, ಹಣೆಗೆ ಇಟ್ಟುಕೊಂಡು, ಫೋಟೊ ಹೊಡೆಸಿ ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಗದಗಿನಲ್ಲಿ ಕೂತು ನಾನೇ ಅದಕ್ಕೆ ಕೈ ಮುಗಿದಿದ್ದೆ. ಈಗ ತೀರ್ಥ ಗೀರ್ಥ! ನನಗೆ ಮೈಯೆಲ್ಲ ಉರಿದುಹೋಯಿತು.

“ಸರ್, ಕಾಗದ ಒಂದ್ ಸ್ವಲ್ಪ ಹೊತ್ತು ನಿಲ್ಲಸ್ರಿ. ಏನಾಗೈತಿ ಅಂತ ಮೊದಲ ನೋಡೂಣು,” ಎಂದೆ. ಸಿಟ್ಟು ಬಂದರೆ ನನ್ನ ಬಾಯಿಂದ ಬೆಂಗಳೂರು ಹೋಗಿ ಗದಗು ಬಂದುಬಿಡುತ್ತದೆ.

“ಸಂಜೆ ಐದೂವರೆವರೆಗೂ ಟೈಮ್. ಆಮೇಲೆ ಏಜೆನ್ಸಿಯವನು ಬರ್ತಾನೆ, ಲೆಟರ್ ಕೊಟ್ಟು ಕಳಿಸ್ತೀನಿ,” ಎಂದು ಅವರು ಹೋದರು.

ಕಾಲೇಜಿನ ನೆಟ್‌ವರ್ಕನ್ನು ಗುತ್ತಿಗೆಗೆ ನೋಡಿಕೊಳ್ಳುವವರು ಸಂಜಯನಗರದಿಂದ ಬಂದು ಆಗಲೇ ಸ್ವಿಚ್ ಬಿಚ್ಚಿ ಹರಡಿಕೊಂಡಿದ್ದರು. ಎಲ್ಲಿಂದಲೋ ಕೂದಲು ಒಣಗಿಸುವ ಡ್ರೈಯರ್ ತರಿಸಿಕೊಂಡು ಅದರ ಹೊಟ್ಟೆಗೆ ಬಿಸಿಗಾಳಿ ಬಿಡುತ್ತಿದ್ದರು. “ಮಾಯಿಶ್ಚರ್ ಮೇಡಂ. ಇಂಥದ್ದು ಎಷ್ಟೋ ನೋಡಿದ್ದೀನಿ,” ಎಂದರು.

ನಾನು ವಾದ ಮಾಡಲಿಲ್ಲ. ಸ್ವಿಚ್ಚನ್ನು ಮೊದಲಿನಂತೆ ಜೋಡಿಸಲು ಹೇಳಿ, ಮೂರನೇ ಯಂತ್ರದಿಂದ ಐವತ್ತನೆಯದಕ್ಕೆ ಪಿಂಗ್ ಮಾಡಿದೆ. ಪಿಂಗ್ ಎಂದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಸುಮ್ಮನೆ ಓ ಎಂದು ಕರೆದು ನೋಡುವುದು. ತಕ್ಷಣ ಓಗೊಟ್ಟಿತು. ಹತ್ತರಿಂದ ನಲವತ್ತಕ್ಕೆ, ಅಲ್ಲಿಂದ ಒಂದಕ್ಕೆ, ಹೀಗೆ ಹನ್ನೆರಡು ಜೋಡಿ ನೋಡಿದೆ. ಎಲ್ಲವೂ ಓಗೊಟ್ಟವು. ತಂತಿ ಚೆನ್ನಾಗಿದೆ, ಸ್ವಿಚ್ ಚೆನ್ನಾಗಿದೆ. ಅಂದರೆ ನೀರಿನ ಮಾತು ಅಲ್ಲಿಗೆ ಮುಗಿಯಿತು.

“ಇದು ಒಣಗಿದ ಮೇಲೆ ಸರಿಹೋಗಿರೋದು ಮೇಡಂ. ನಾನು ಡ್ರೈಯರ್ ಹಿಡಿದಿಲ್ವಾ?” ಎಂದರು ನೆಟ್‌ವರ್ಕಿನವರು.  ಡ್ರೈಯರ್ ಹಿಡಿಯುವ ಮುಂಚೆ ಯಾರೂ ಪಿಂಗ್ ಮಾಡಿ ನೋಡಿರಲಿಲ್ಲವಲ್ಲ! ಆದರೆ ಸ್ವಿಚ್ ಸರಿಯಿದ್ದರೂ ಯಂತ್ರಗಳು ಏಳುತ್ತಿರಲಿಲ್ಲ.

ಆ ಕಪ್ಪು ಚೌಕದಲ್ಲಿ ಏನೋ ಬರೆದು ಹೋಗುತ್ತಿತ್ತು. ಬೆಳಿಗ್ಗೆಯಿಂದ ಅಷ್ಟು ಜನ ಅದನ್ನು ನೋಡಿದ್ದರು, ಓದಿದವರು ಮಾತ್ರ ಒಬ್ಬರೂ ಇಲ್ಲ. ಪ್ರೋಗ್ರಾಮನ್ನು ಕೈಯಿಂದ ಓಡಿಸಿದರೆ ಚೌಕ ಮಾಯವಾಗದೆ ನಿಲ್ಲುತ್ತದೆ. ಓಡಿಸಿದೆ. ಇನ್ನೂರ ಹದಿನಾಲ್ಕನೇ ಸಾಲಿನಲ್ಲಿ ನಿಂತಿತು: ‘ಪಕ್ಕದಮನೆ’ ಎಂಬ ಹೆಸರು ಎಲ್ಲಿಯೂ ಗೊತ್ತು ಮಾಡಿಲ್ಲ ಎಂಬ ದೂರು.

ಪ್ರೋಗ್ರಾಮಿನಲ್ಲಿ ವೇರಿಯಬಲ್ ಎಂದರೆ ಹೆಸರು ಅಂಟಿಸಿದ ಒಂದು ಡಬ್ಬಿ. ಎಲ್ಲರೂ ಅದಕ್ಕೆ ಇಂಗ್ಲಿಷ್ ಹೆಸರು ಇಡುತ್ತಾರೆ. ನಾನು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡದ ಹೆಸರು ಬರೆಯುತ್ತೇನೆ, ನನ್ನ ಇಷ್ಟ. ಆರಿಸಿಕೊಂಡ ನೆರೆಯ ಯಂತ್ರದ ವಿಳಾಸ ಇಡುವ ಡಬ್ಬಿಗೆ ‘ಪಕ್ಕದಮನೆ’ ಎಂದು ಹೆಸರು. ಯಂತ್ರ ಈಗ ಹೇಳುತ್ತಿದ್ದುದು ಇಷ್ಟೇ: ಡಬ್ಬಿಯಿಂದ ತೆಗೆ ಎನ್ನುತ್ತೀಯ, ಆದರೆ ಅಂಥ ಡಬ್ಬಿಯನ್ನು ಯಾರೂ ತಂದಿಟ್ಟೇ ಇಲ್ಲ.

ನನಗೆ ಮೊದಲು ಬಂದದ್ದು ಸಂಶಯ, ಅದೂ ಬೇರೆಯವರ ಮೇಲೆ. ಇದು ಮೂರು ವರ್ಷ ಓಡಿದ ಕೋಡು. ನಾನಿಲ್ಲದಾಗ ಯಾರೋ ಕೈಯಾಡಿಸಿದ್ದಾರೆ ಎಂದುಕೊಂಡೆ. ಪೆನ್‌ಡ್ರೈವಿನಲ್ಲಿದ್ದ ನನ್ನ ಹಳೆಯ ಪ್ರತಿಯನ್ನು ಪಕ್ಕಕ್ಕಿಟ್ಟು ಸಾಲಿಗೆ ಸಾಲು ಹೋಲಿಸಿದೆ. ಒಂದು ಚುಕ್ಕಿಯೂ ಬದಲಾಗಿರಲಿಲ್ಲ.

ಮುಂದೆ ಮಾಡಿದ್ದು ಅವಸರದ ಕೆಲಸ. ಡಬ್ಬಿ ಇಲ್ಲ ಎಂದರೆ ಖಾಲಿ ಡಬ್ಬಿಯೊಂದನ್ನು ಇಟ್ಟರಾಯಿತು ಎಂದು ಪ್ರೋಗ್ರಾಮಿನ ತಲೆಯಲ್ಲೇ ಒಂದು ಸಾಲು ಸೇರಿಸಿ, ಕೊನೆಯ ಸಾಲಿನ ಮೂರು ಯಂತ್ರಗಳ ತಂತಿ ಕಿತ್ತು ಅವಕ್ಕೆ ಮಾತ್ರ ಹಾಕಿದೆ. ಕಪ್ಪು ಚೌಕ ಬರಲಿಲ್ಲ, ಲಾಗಿನ್ ಪರದೆ ಬಂತು. ಸಿಳ್ಳೆ ಹೊಡೆಯುವುದೊಂದು ಬಾಕಿ. ಲಾಗಿನ್ ಆಗಿ ನೋಡಿದರೆ ಒಳಗೆ ಏನೂ ಇಲ್ಲ! ಮೂರೂ ಯಂತ್ರಗಳಲ್ಲಿ ಪರೀಕ್ಷೆಯ ಫೈಲು, ಪಾಠದ ಫೈಲು, ಎಲ್ಲ ಸಾಫ್. ನೆರೆಯವರು ಯಾರೂ ಇಲ್ಲದ್ದರಿಂದ ಯಂತ್ರಕ್ಕೆ ಖಾಲಿ ಪಟ್ಟಿ ಸಿಕ್ಕಿತ್ತು. ಪಟ್ಟಿಯಲ್ಲಿ ಇಲ್ಲದ್ದನ್ನು ಅಳಿಸು ಎಂದು ನಾನೇ ಹೇಳಿಕೊಟ್ಟಿದ್ದೆ. ಅದು ನಿಯತ್ತಾಗಿ ಎಲ್ಲವನ್ನೂ ಅಳಿಸಿತ್ತು. ದೂರು ಹೇಳುವ ಬಾಯಿ ಮುಚ್ಚಿಸಿದ್ದೆನೇ ಹೊರತು ರೋಗ ಏನೆಂದು ನೋಡಿರಲಿಲ್ಲ. ಆ ಮೂರನ್ನೂ ತಂತಿ ಸಿಕ್ಕಿಸದೆ ಬದಿಗಿಟ್ಟೆ. ಅರವತ್ತಕ್ಕೂ ಹಾಕಿದ್ದರೆ ನಾಳೆ ಪರೀಕ್ಷೆಯೇ ಇರುತ್ತಿರಲಿಲ್ಲ.

ಹನ್ನೆರಡೂವರೆ ಆಗಿತ್ತು. ಹೊಟ್ಟೆ ಚುರುಗುಟ್ಟುತ್ತಿತ್ತು. ರೊಟ್ಟಿ ಡಬ್ಬಿ ಬಿಚ್ಚಿ ಅಟೆಂಡರ್ ಅಮ್ಮನನ್ನು ಕರೆದೆ. ಆಕೆ ಬೇಡ ಬೇಡ ಎನ್ನುತ್ತಲೇ ಬಂದು ಕೂತರು. ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯನ್ನು ಕಟುಮ್ ಎಂದು ಮುರಿಯುತ್ತ, “ಅಮ್ಮಾ, ಪೂಜೆ ದಿನ ಏನೇನ್ ಮಾಡಿದ್ರಿ, ಮೊದಲಿಂದ ಒಂದೂ ಬಿಡದೆ ಹೇಳ್ರಿ. ಬಯ್ಯಾಕಲ್ಲ, ನನಗ ಬೇಕಾಗೈತಿ,” ಎಂದೆ.

“ಏನ್ ಮಾಡ್ತೀನವ್ವ, ಪ್ರತಿ ವರ್ಸ ಮಾಡೋದೇ. ಬೆಳಗ್ಗೆ ಬಂದು ಎಲ್ಲಾ ಒರಸ್ದೆ. ಅರಿಶ್ಣ ಕುಂಕ್ಮ ಇಟ್ಟು ಊವ ಮುಡಿಸ್ದೆ. ಬಾಗ್ಲಿಗೆ ಬೂದುಗುಂಬ್ಳ ಒಡದ್ರು. ನೀರು ಗೀರು ಆ ಡಬ್ಬದ ಮ್ಯಾಲೆ ನಾನ್ ಆಕಿಲ್ಲ, ನನ್ನಾಣೆ. ಸಾರು ಮಂಗ್ಳಾರ್ತಿ ತಗೊಂಡು ಓದ್ರು. ಆಮೇಕೆ ಮೇನ್ ಆಫ್ ಮಾಡಿ ಬಾಗ್ಲು ಆಕ್ತಿದ್ದೆ. ಆಗ ನೋಡ್ತೀನಿ, ನಿಮ್ ಟೇಬಲ್ ಕೆಳಗೆ ಅಸ್ರು ಲೈಟು ಉರೀತಾನೇ ಐತೆ.”

ನನ್ನ ರೊಟ್ಟಿ ಕೈಯಲ್ಲೇ ನಿಂತಿತು.

“ಅಯ್ಯೋ ಪಾಪ ಅನ್ನಿಸ್ತು,” ಎಂದರು ಆಕೆ. “ಎಲ್ಲಾ ಕಂಪ್ಯೂಟ್ರುಗೂ ರಜ, ಇದೊಂದು ಏನ್ ತಪ್ಪು ಮಾಡೈತೆ? ವರ್ಸವೆಲ್ಲಾ ದುಡೀತದೆ, ಆಯುಧಪೂಜೆ ದಿನಾನಾದ್ರೂ ರೆಸ್ಟು ಬ್ಯಾಡ್ವಾ? ಬಗ್ಗಿ ಸ್ವಿಚ್ಚು ಆರಿಸ್ಬುಟ್ಟೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಮೇಜಿನ ಕೆಳಗಿನ ಆ ಯಂತ್ರವನ್ನು ಮೂರು ವರ್ಷದಿಂದ ನಾನು ಎಂದೂ ಆರಿಸಿರಲಿಲ್ಲ. ಅದಕ್ಕೆ ಬೇರೆ ಯುಪಿಎಸ್ ಕೊಟ್ಟು, ಪರದೆ ಮಾತ್ರ ಆರಿಸಿ ಹೋಗುತ್ತಿದ್ದೆ. ಕರೆಂಟು ಹೋದರೂ, ರಜೆ ಬಂದರೂ ಅದು ಎದ್ದಿರುತ್ತಿತ್ತು. ಮಾರನೆಯ ದಿನ ಯಾವ ಯಂತ್ರ ಎದ್ದು ಕೂಗಿದರೂ ಓಗೊಡಲು ಅದು ಇದ್ದೇ ಇರುತ್ತಿತ್ತು. ಅಪರೂಪಕ್ಕೆ ಅದನ್ನು ಮರುಚಾಲೂ ಮಾಡಿದಾಗ ಉಳಿದವು ಎದ್ದಿರುತ್ತಿದ್ದವು. ಅರವತ್ತೂ ಒಟ್ಟಿಗೆ ಮಲಗಿದ್ದು ಇದೇ ಮೊದಲು.

ಕೋಡಿನ ಮುಂದೆ ಕೂತು ಆ ಜಾಗ ಓದಿದೆ. ಓಗೊಟ್ಟ ಒಬ್ಬೊಬ್ಬರನ್ನೂ ನೋಡುತ್ತ ಹೋಗು, ಪಟ್ಟಿ ತಾಜಾ ಇದ್ದರೆ ಅವರ ವಿಳಾಸವನ್ನು ‘ಪಕ್ಕದಮನೆ’ಯಲ್ಲಿ ಇಡು. ಡಬ್ಬಿ ಹುಟ್ಟುವುದು ಆ ಸುತ್ತಿನ ಒಳಗೆ ಮಾತ್ರ. ಒಬ್ಬರೂ ಓಗೊಡದಿದ್ದರೆ ಸುತ್ತು ಒಮ್ಮೆಯೂ ತಿರುಗುವುದಿಲ್ಲ, ಡಬ್ಬಿ ಹುಟ್ಟುವುದೇ ಇಲ್ಲ. ಆಮೇಲಿನ ಸಾಲಿನಲ್ಲಿ ಅದನ್ನು ಕೇಳಿದಾಗ ಯಂತ್ರ ಕೈಚೆಲ್ಲುತ್ತದೆ. ಮೊದಲು ಏಳುವವರು ಏನು ಮಾಡಬೇಕು ಎಂದು ನಾನು ಬರೆದೇ ಇರಲಿಲ್ಲ. ಯಾರೂ ಇಲ್ಲದ ಮನೆಯೊಂದು ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ತಪ್ಪು ಪೂಜೆಯದಲ್ಲ, ನೀರಿನದಲ್ಲ, ಆ ಅಮ್ಮನದಂತೂ ಅಲ್ಲವೇ ಅಲ್ಲ. ಅದು ನೂರಕ್ಕೆ ನೂರು ನನ್ನದು. ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ.

ತಿದ್ದಿದ್ದು ಹೀಗೆ. ಕೂಗಿದಾಗ ಯಾರೂ ಓಗೊಡದಿದ್ದರೆ ಸ್ವಲ್ಪ ತಾಳಿ ಮತ್ತೆ ಕೂಗು, ಒಟ್ಟು ಮೂರು ಸಲ. ಆಗಲೂ ಯಾರೂ ಇಲ್ಲದಿದ್ದರೆ ನಿನ್ನ ಡಿಸ್ಕಿನಲ್ಲಿ ಕಳೆದ ಸಲ ಉಳಿಸಿಟ್ಟ ಪಟ್ಟಿ ತೆಗೆ. ಅದರಂತೆ ಫೈಲುಗಳು ಇದ್ದರೆ ನೀನೇ ಮೊದಲಿಗ ಎಂದು ಎದ್ದು ನಿಂತು, ಉಳಿದವರಿಗೆ ಓಗೊಡಲು ಶುರುಮಾಡು. ಕೇಳಲು ಯಾರೂ ಇಲ್ಲದಾಗ ಒಂದೇ ಒಂದು ಫೈಲನ್ನೂ ಅಳಿಸಬೇಡ. ಬರೆಯಲು ಮುಕ್ಕಾಲು ಗಂಟೆ ಹಿಡಿಯಿತು. ನನ್ನ ಮೇಜಿನ ಕೆಳಗಿನ ಯಂತ್ರಕ್ಕೆ ಹಾಕಿ ಎಬ್ಬಿಸಿದೆ. ಅದು ಮೂರು ಸಲ ಕೂಗಿತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ತಾನೇ ಎದ್ದು ನಿಂತಿತು. ಉಳಿದವು ಹತ್ತು ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತಲೇ ಇದ್ದವಲ್ಲ, ಅವುಗಳ ಕೂಗಿಗೆ ಈಗ ಉತ್ತರ ಸಿಕ್ಕಿತು. ಒಂದೊಂದಾಗಿ ಲಾಗಿನ್ ಪರದೆಗಳು ತೆರೆದುಕೊಂಡವು. ತಿದ್ದಿದ ಪ್ರೋಗ್ರಾಮೂ ಪಟ್ಟಿಯಲ್ಲೇ ಇದ್ದುದರಿಂದ ಅದನ್ನೂ ತಾವೇ ಇಳಿಸಿಕೊಂಡವು. ಬದಿಗಿಟ್ಟ ಮೂರಕ್ಕೆ ತಂತಿ ಸಿಕ್ಕಿಸಿದೆ, ಕಳೆದುಕೊಂಡ ಫೈಲುಗಳನ್ನೆಲ್ಲ ನೆರೆಯವರಿಂದ ತುಂಬಿಸಿಕೊಂಡು ಅವೂ ಎದ್ದವು. ಒಂದಕ್ಕೆ ಮದ್ದು ಕೊಟ್ಟಿದ್ದೆ, ಐವತ್ತೊಂಬತ್ತು ತಾವಾಗಿ ಗುಣವಾಗಿದ್ದವು. ಎದೆಯುಬ್ಬಿತು ಎಂದರೆ ಉಬ್ಬಿತು.

ಆ ಹೊತ್ತಿಗೆ ಸರಿಯಾಗಿ ಮುಖ್ಯಸ್ಥರು ಬಂದರು. “ಆಹಾ! ಎಲ್ಲ ಬಂತಲ್ಲ!”

“ನಾನ್ ಹೇಳಿದ್ನಲ್ಲ ಸಾರ್, ಮಾಯಿಶ್ಚರ್ ಒಣಗಿದ ಮೇಲೆ ಬರುತ್ತೆ ಅಂತ,” ಎಂದರು ನೆಟ್‌ವರ್ಕಿನವರು, ಡ್ರೈಯರಿನ ತಂತಿ ಸುತ್ತುತ್ತ.

“ಇನ್ನೊಂದ್ಸಲ ಈ ಥರ ಆಗ್ಬಾರ್ದು. ಏನಮ್ಮಾ, ಸಂಜೆ ಏಜೆನ್ಸಿಯವನು ಬರ್ತಾನೆ, ಸಾಮಾನು ಏನಿದೆಯೋ ತಗೊಂಡು ರೆಡಿ ಇರು,” ಎಂದರು ಮುಖ್ಯಸ್ಥರು ಬಾಗಿಲ ಕಡೆ ತಿರುಗಿ. ಅಮ್ಮ ಸ್ಟೂಲಿನ ಕೆಳಗಿನಿಂದ ತಮ್ಮ ಊಟದ ಚೀಲ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಪರೀಕ್ಷೆಗೆ ಲ್ಯಾಬು ಸಿದ್ಧ. ನನ್ನ ಪ್ರೋಗ್ರಾಮಿಗೆ ಒಂದು ಕಪ್ಪುಚುಕ್ಕೆ ಇಲ್ಲ. ನನ್ನನ್ನು ಸೀನಿಯರ್ ಇನ್‌ಸ್ಟ್ರಕ್ಟರ್ ಮಾಡುವ ಕಡತ ಅದೇ ಮುಖ್ಯಸ್ಥರ ಮೇಜಿನ ಮೇಲಿತ್ತು, ಅದಕ್ಕೆ ಅವರು ಬರೆದಿದ್ದ ಶಿಫಾರಸೇ ಈ ಪ್ರೋಗ್ರಾಮು ಮೂರು ವರ್ಷ ಒಮ್ಮೆಯೂ ಕೈಕೊಟ್ಟಿಲ್ಲ ಎಂಬುದು. ಒಂದು ಕ್ಷಣ ಸುಮ್ಮನಿದ್ದೆ. ನಿಜಕ್ಕೂ ಸುಮ್ಮನಿದ್ದೆ. ಅದನ್ನು ನೆನೆದರೆ ಈಗಲೂ ಒಂಥರಾ ಆಗುತ್ತದೆ.

“ಸರ್, ಇದು ನೀರಿಂದ ಕೆಟ್ಟಿಲ್ಲ,” ಎಂದೆ ಕೊನೆಗೆ. “ನಾನು ಬರೆದಿದ್ರಾಗ ತಪ್ಪೈತಿ. ಎಲ್ಲಾ ಯಂತ್ರ ಒಮ್ಮೆಗೇ ಆರಿದ್ರ ಮೊದಲನೇದು ಹೆಂಗ್ ಏಳಬೇಕು ಅಂತ ನಾ ಬರೆದೇ ಇದ್ದಿದ್ದಿಲ್ಲ.”

“ಅಯ್ಯೋ, ಅವಳ ಮೇಲೆ ಕನಿಕರಕ್ಕೆ ನೀವ್ಯಾಕೆ ಮೈಮೇಲೆ ಹಾಕ್ಕೊತೀರಾ ಮೇಡಂ?”

“ಕನಿಕರ ಅಲ್ರಿ, ತೋರಿಸ್ತೀನಿ. ಈಗ ಇಡೀ ಲ್ಯಾಬ್ ಆಫ್ ಮಾಡೂಣು. ನಂದೂ ಸೇರಿ ಅರವತ್ತೂ. ಹಳೇ ಪ್ರೋಗ್ರಾಂ ಇದ್ರ ಒಂದೂ ಏಳಂಗಿಲ್ಲ. ಹೊಸಾದ್ರಾಗ ಎಲ್ಲಾ ಏಳತಾವು. ಡ್ರೈಯರ್ ಯಾರೂ ಮುಟ್ಟೂದು ಬ್ಯಾಡ.”

“ನಾಳೆ ಎಕ್ಸಾಮ್ ಇಟ್ಕೊಂಡು ಎದ್ದಿರೋದನ್ನ ಮಲಗಿಸ್ತೀರಾ? ತಲೆ ಸರಿಯಿದೆಯಾ ನಿಮಗೆ?”

“ನಾಳೆ ಎಕ್ಸಾಮ್ ನಡುವ ಯಾರೋ ಎಲ್ಲಾ ಆರಿಸಿದ್ರ?”

ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಹಳೆಯ ಪ್ರೋಗ್ರಾಮನ್ನು ತೋರಿಸಿದೆ. ಎರಡು ಯಂತ್ರಗಳನ್ನು ಮಾತ್ರ ಬೇರೆ ತಂತಿಗೆ ಹಾಕಿ, ಹಳೆಯ ಪ್ರತಿ ಓಡಿಸಿ, ಎರಡನ್ನೂ ಆರಿಸಿ ಎಬ್ಬಿಸಿದೆ. ಎರಡರಲ್ಲೂ ಅದೇ ಕಪ್ಪು ಚೌಕ, ಅದೇ ಇನ್ನೂರ ಹದಿನಾಲ್ಕು. ನೆಟ್‌ವರ್ಕಿನವರು ಬಗ್ಗಿ ಓದಿ ಡ್ರೈಯರನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ ಆ ಎರಡನ್ನೂ ಮೊದಲಿನ ಜಾಗಕ್ಕೆ ಸೇರಿಸಿ, ಹೊಸ ಪ್ರತಿ ಇಳಿಸಿಕೊಳ್ಳಲು ಬಿಟ್ಟು, ಇಡೀ ಲ್ಯಾಬು ಆರಿಸಿದೆವು. ಫ್ಯಾನಿನ ಸದ್ದೆಲ್ಲ ನಿಂತು ಹೊರಗಿನ ರಸ್ತೆಯ ಹಾರನ್ನು ಕೇಳಿಸತೊಡಗಿತು. ನನ್ನ ಯಂತ್ರದ ಸ್ವಿಚ್ಚು ಹಾಕಿ ಮೇನ್ ಮೇಲೆತ್ತಿದೆ.

ಎದ್ದವು. ಆದರೆ ಲಾಗಿನ್ ಬಂದದ್ದು ಕೆಲವಕ್ಕೆ ಮಾತ್ರ. ಉಳಿದವು ತೆರೆಯುತ್ತವೆ, ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. 

“ಏನ್ರೀ ಇದು?” ಎಂದರು ಮುಖ್ಯಸ್ಥರು. ದನಿ ಏರಿತ್ತು.

“ಅರ್ಧ ತಾಸು ಕೊಡ್ರಿ,” ಎಂದೆ. ನಾಲ್ಕೂ ಹತ್ತು ಆಗಿತ್ತು.

ಕಾರಣ ಹುಡುಕಲು ಕಷ್ಟವಾಗಲಿಲ್ಲ. ಮಧ್ಯಾಹ್ನ ಮೊದಲು ಎದ್ದದ್ದು ನನ್ನ ಯಂತ್ರ ಒಂದೇ. ಈಗ ಮೇನ್ ಎತ್ತಿದ ಕೂಡಲೇ ಅರವತ್ತೂ ಒಂದೇ ಹೊತ್ತಿಗೆ ಎದ್ದು, ಒಂದೇ ಹೊತ್ತಿಗೆ ಕೂಗಿ, ಯಾರೂ ಓಗೊಡುವ ಸ್ಥಿತಿಯಲ್ಲಿ ಇಲ್ಲದ್ದರಿಂದ ಎಷ್ಟೋ ಯಂತ್ರಗಳು ಒಟ್ಟಿಗೇ “ನಾನೇ ಮೊದಲಿಗ” ಎಂದು ನಿಂತುಬಿಟ್ಟಿದ್ದವು. ಮೊದಲಿಗ ಇನ್ನೊಬ್ಬ ಮೊದಲಿಗನ ಮಾತು ಕೇಳುವುದಿಲ್ಲ. ಉಳಿದವು ಯಾರ ಮಾತು ಕೇಳಬೇಕೆಂದು ತಿಳಿಯದೆ ಒದ್ದಾಡುತ್ತಿದ್ದವು. ನಮ್ಮ ವಿಭಾಗದ ಮೀಟಿಂಗಿನಲ್ಲೂ ಹೀಗೇ ಆಗುತ್ತದೆ.

ಎರಡು ಕಟ್ಟಳೆ ಸೇರಿಸಿದೆ. ಒಂದು, ಪ್ರತಿ ಯಂತ್ರ ತನ್ನ ಸಂಖ್ಯೆಗೆ ತಕ್ಕಷ್ಟು ಹೊತ್ತು ಕಾದು ಆಮೇಲೆ ಎದ್ದು ನಿಲ್ಲಲಿ: ಒಂದನೆಯದು ಕಡಿಮೆ, ಅರವತ್ತನೆಯದು ಹೆಚ್ಚು. ಎರಡು, ಆದರೂ ಇಬ್ಬರು ಮೊದಲಿಗರು ಎದುರಾದರೆ ಯಾರ ಪಟ್ಟಿ ತಾಜಾವೋ ಅವರು ಉಳಿಯಲಿ. ಪಟ್ಟಿ ಒಂದೇ ಆಗಿದ್ದರೆ ಚಿಕ್ಕ ಸಂಖ್ಯೆಯವರು ಉಳಿದು ಇನ್ನೊಬ್ಬರು ಹಿಂದೆ ಸರಿಯಲಿ. ಬರೆದು, ಎಲ್ಲ ಆರಿಸಿ, ನನ್ನ ಯಂತ್ರವನ್ನು ಮೊದಲು ಎಬ್ಬಿಸಿ ಉಳಿದವಕ್ಕೆ ಹೊಸ ಪ್ರೋಗ್ರಾಮು ಹಂಚಿಸಿದೆ. ಗಡಿಯಾರ ನೋಡಿದರೆ ಐದು ಗಂಟೆ. ಕೆಳಗೆ ಏಜೆನ್ಸಿಯವರ ಬೈಕು ಬಂದು ನಿಂತದ್ದು ಕಿಟಕಿಯಿಂದ ಕಾಣಿಸಿತು.

“ಅಮ್ಮಾ, ಬರ್ರಿ ಇಲ್ಲಿ. ಈ ಸಲ ನೀವೇ ಆರಿಸ್ರಿ,” ಎಂದೆ.

“ನಾ ಒಲ್ಲೆ ತಾಯಿ! ನನ್ ಕೈ ಮುಟ್ಟಿದ್ರೆ ಇನ್ನೇನಾಯ್ತದೋ!”

“ನಿಮ್ ಕೈಯೇ ಬೇಕು. ಪೂಜೆ ದಿನ ಹೆಂಗ್ ಮಾಡಿದ್ರಿ, ಹಂಗೇ ಮಾಡ್ರಿ.”

ಆಕೆ ಮುಖ್ಯಸ್ಥರ ಮುಖ ನೋಡಿದರು.  ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇನ್ ಇಳಿಸಿದರು. ಆಮೇಲೆ ನನ್ನ ಮೇಜಿನ ಬಳಿ ಬಂದು, ಬಗ್ಗಿ, ಹಸಿರು ದೀಪದ ಸ್ವಿಚ್ಚನ್ನೂ ಆರಿಸಿದರು. ಪೂರಾ ನಿಶ್ಶಬ್ದ. ನಾನು ಹತ್ತು ಎಣಿಸಿ, “ಈಗ ಎತ್ರಿ,” ಎಂದೆ. ಆಕೆ ಕಣ್ಣು ಮುಚ್ಚಿಕೊಂಡು ಎತ್ತಿದರು, ನಾನು ಬಗ್ಗಿ ನನ್ನ ಯಂತ್ರದ ಸ್ವಿಚ್ಚು ಹಾಕಿದೆ.

ಮೊದಲ ಸಾಲಿನ ಒಂದನೇ ಯಂತ್ರ ಮೂರು ಸಲ ಕೂಗಿ, ಕಾದು, ಎದ್ದು ನಿಂತಿತು. ಲಾಗಿನ್ ಪರದೆ. ಪಕ್ಕದ್ದು ಅದನ್ನು ಕೇಳಿ ಎದ್ದಿತು. ಆಮೇಲೆ ಮೂರನೆಯದು, ಏಳನೆಯದು, ಎರಡನೇ ಸಾಲು, ಮೂರನೇ ಸಾಲು. ನೆಟ್‌ವರ್ಕಿನವರು ಸಾಲಿನ ನಡುವೆ ಓಡಾಡುತ್ತ ಗಟ್ಟಿಯಾಗಿ ಎಣಿಸುತ್ತಿದ್ದರು. “ಐವತ್ತೆಂಟು, ಐವತ್ತೊಂಬತ್ತು... ಮೇಡಂ, ನಿಮ್ದೂ ಬಂತು. ಅರವತ್ತು! ಸೂಪರ್ ಮೇಡಂ!” ಅಮ್ಮ ಒಂದು ಕಣ್ಣು ತೆರೆದು ನೋಡಿ, ಇನ್ನೊಂದನ್ನೂ ತೆರೆದರು. ನನಗೆ ಕುಣಿಯಬೇಕೆನಿಸಿತು. ಅಷ್ಟು ಜನರ ಎದುರು ಕುಣಿಯಲಿಲ್ಲ, ಅಷ್ಟೇ.

ಮುಖ್ಯಸ್ಥರು ಸಾಲಿನಿಂದ ಸಾಲಿಗೆ ಹೋಗಿ ಪರದೆಗಳನ್ನು ನೋಡಿದರು. “ಹಾಗಾದ್ರೆ ತಪ್ಪು ನಿಮ್ದು,” ಎಂದರು ನನಗೆ.

“ಹೌದ್ರಿ, ನಂದೇ.”

ಅವರು ಜೇಬಿನಿಂದ ಆ ಕಾಗದ ತೆಗೆದು ನಾಲ್ಕು ಮಡಿಕೆ ಮಾಡಿದರು. “ಇಡಬ್ಯಾಡ್ರಿ ಸರ್, ಹರೀರಿ,” ಎಂದೆ. ನನ್ನನ್ನು ದುರುಗುಟ್ಟಿ ನೋಡಿದರು, ಆಮೇಲೆ ಹರಿದರು. “ನಾಳೆ ಎಕ್ಸ್‌ಟರ್ನಲ್ ಬಂದ್ರೆ ಫಾಲ್ಟ್ ರಿಜಿಸ್ಟರ್ ಕೇಳ್ತಾರೆ. ಬರೆದಿಡಿ,” ಎಂದರು.

ಲ್ಯಾಬಿನಲ್ಲಿ ಕೆಟ್ಟದ್ದು ಸರಿಯಾದದ್ದೆಲ್ಲ ಬರೆಯುವ ಉದ್ದನೆಯ ಪುಸ್ತಕ ಅದು. ತೆಗೆದು ಬರೆದೆ. ದೋಷ: ಯಾವ ಯಂತ್ರವೂ ಏಳಲಿಲ್ಲ. ಕಾರಣ: ನೆರೆಯವರು ಯಾರೂ ಇಲ್ಲದಾಗ ‘ಪಕ್ಕದಮನೆ’ಗೆ ಬೆಲೆ ಕೊಡದೆ ಪ್ರೋಗ್ರಾಮು ಬರೆದದ್ದು, ಬರೆದವರು ಲ್ಯಾಬ್ ಇನ್‌ಸ್ಟ್ರಕ್ಟರ್. ಸರಿಪಡಿಸಿದವರು: ಲ್ಯಾಬ್ ಇನ್‌ಸ್ಟ್ರಕ್ಟರ್. ಎರಡು ಕಡೆಯೂ ನನ್ನ ಹೆಸರು ಬರೆದು ಸಹಿ ಹಾಕಿದೆ. ಮೊದಲನೆಯದನ್ನು ಸಣ್ಣಗೆ ಬರೆದೆ, ಎರಡನೆಯದಕ್ಕೆ ಅಕ್ಷರ ದಪ್ಪವಾಯಿತು. ಇನ್ನೊಂದು ಅಂಕಣ ಉಳಿದಿತ್ತು: ದೋಷ ಪತ್ತೆ ಹಚ್ಚಿದವರು. ಹಿಂದಿನ ಪುಟಗಳಲ್ಲೆಲ್ಲ ಅಲ್ಲಿರುವುದು ಪ್ರೊಫೆಸರುಗಳ ಹೆಸರು, ಒಂದೆರಡು ಕಡೆ ನನ್ನದು. ಅಲ್ಲಿ ಅಟೆಂಡರ್ ಅಮ್ಮನ ಪೂರ್ತಿ ಹೆಸರು ಬರೆದೆ.

“ಇಲ್ಲಿ ಸೈನ್ ಮಾಡ್ರಿ,” ಎಂದು ಪೆನ್ನು ಕೊಟ್ಟೆ.

“ನಂದ್ಯಾಕವ್ವ? ನಾನೇನ್ ಮಾಡ್ದೆ?”

“ಮೂರು ವರ್ಷ ನಮಗ್ಯಾರಿಗೂ ಕಾಣದ ತಪ್ಪು ನೀವು ಆರಿಸಿದ್ದಕ್ಕ ಕಂಡ್ತು. ಬೇರೆ ಯಾರ ಹೆಸರು ಬರೀಲಿ?”

ಆಕೆ ಪೆನ್ನನ್ನು ಗಟ್ಟಿಯಾಗಿ ಹಿಡಿದು, ನಾಲಗೆ ತುದಿ ಹಲ್ಲಿಗೆ ಒತ್ತಿಕೊಂಡು, ಕನ್ನಡದಲ್ಲಿ ಒಂದೊಂದೇ ಅಕ್ಷರ ಇಳಿಸತೊಡಗಿದರು. ಬಾಗಿಲಲ್ಲಿ ಏಜೆನ್ಸಿಯವರು ಬಂದು, ಏನಾದರೂ ಕಾಗದ ಇದೆಯೇ ಎಂದು ಕೇಳಿದರು.  ಪುಸ್ತಕದಲ್ಲಿ ಅಮ್ಮನ ಸಹಿಯ ಕೆಳಗೆ ಮುಖ್ಯಸ್ಥರ ಸಹಿಯ ಜಾಗ ಖಾಲಿ ಇತ್ತು. ಅವರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಆಕೆಯ ಪಕ್ಕ ನಿಂತು, ಆಕೆ ಬರೆದು ಮುಗಿಸುವವರೆಗೂ ಕಾದರು.